ಸೇತುವೆ ಮುರಿದು ರಾಜ ಸತ್ತ, ಈಗೇನು ಮಾಡಲಿ?

ಪ್ರಶ್ನೆ: ‘ಕಿಂಗ್ಸ್ ಕ್ವೆಸ್ಟ್ 2’ ಎಂಬ ಹಳೇ ಕಂಪ್ಯೂಟರ್ ಆಟ ಕೊಂಡು ಆಡುತ್ತಿದ್ದೇನೆ. ಮೂರನೇ ಕೀಲಿ ಹಿಡಿದು ಮಾಯಾ ಬಾಗಿಲಿಗೆ ಹೊರಟರೆ ಸೇತುವೆ ಮುರಿಯುತ್ತದೆ, ರಾಜ ಸಾಯುತ್ತಾನೆ. ಸೇವ್ ಮಾಡಿದ್ದಲ್ಲಿಂದ ಮತ್ತೆ ಆಡಿದರೂ ಅದೇ ಗತಿ. ಆಟವೇ ಕೆಟ್ಟಿದೆಯಾ? ಹತ್ತು ವರ್ಷದ ಮಗಳ ಜೊತೆ ಆಡಲು ಇದರ ಹೊಸ ರೂಪ ಯಾವುದಾದರೂ ಇದೆಯಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆಟ ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಆ ಸೇತುವೆ ಏಳು ಸಲ ದಾಟುವಷ್ಟೇ ಗಟ್ಟಿ. ಬಾಗಿಲ ಮೇಲಿನ ಬರಹ ಓದಲು ಒಮ್ಮೆ ಹೋಗಿ ಬರಬೇಕು. ಮೊದಲ ಎರಡು ಕೀಲಿಗೆ ಒಂದೊಂದು ಸಲ ಹೋಗಿ ಬರಬೇಕು. ಮೂರನೇದಕ್ಕೆ ಹೋದರೆ ಸಾಕು, ವಾಪಸ್ ಬರುವ ಕೆಲಸವಿಲ್ಲ. ಸರಿಯಾಗಿ ಏಳಾಯಿತು ನೋಡಿ. ನೀವು ನಡುವೆ ಎಲ್ಲೋ ಸುಮ್ನೆ ಒಂದು ಸುತ್ತು ಜಾಸ್ತಿ ಹಾಕಿದ್ದೀರಿ. ಅದಕ್ಕೂ ಹಿಂದಿನ ಸೇವ್ ಇಲ್ಲದಿದ್ದರೆ ಮೊದಲಿಂದ ಶುರು ಮಾಡಿ.

ಕೋಪ ಬರುತ್ತೆ, ಅಲ್ವಾ? 1985ರಲ್ಲಿ ರೋಬರ್ಟಾ ವಿಲಿಯಮ್ಸ್ ಇದನ್ನು ರೂಪಿಸಿದಾಗ ಸಿಯೆರಾ ಕಂಪನಿಯ ಆಟಗಳೆಲ್ಲ ಹೀಗೇ ಇದ್ದವು. ಡ್ಯಾವೆಂಟ್ರಿಯ ರಾಜ ಗ್ರಹಾಂ ಮಾಯಾ ಕನ್ನಡಿಯಲ್ಲಿ ವ್ಯಾಲನಿಸ್ ಎಂಬ ಚೆಲುವೆಯನ್ನು ನೋಡುತ್ತಾನೆ. ಹ್ಯಾಗಥಾ ಎಂಬ ಮಾಟಗಾತಿ ಅವಳನ್ನು ಗೋಪುರದಲ್ಲಿ ಕೂಡಿಹಾಕಿರುತ್ತಾಳೆ. ಅವಳನ್ನು ಬಿಡಿಸಲು ಹೊರಟರೆ ದಾರಿಯಲ್ಲಿ ಕೆಂಪು ಟೋಪಿಯ ಹುಡುಗಿ, ಮತ್ಸ್ಯಕನ್ಯೆ, ಸಮುದ್ರರಾಜ ನೆಪ್ಚೂನ್, ಹಾರುವ ಚಾಪೆ, ಡ್ರಾಕುಲಾ ಎಲ್ಲರೂ ಸಿಗುತ್ತಾರೆ! ನಿದ್ದೆಗಣ್ಣಿನ ಅಜ್ಜಿ ಹತ್ತು ಕಥೆ ಕಲೆಸಿ ಒಂದೇ ಕಥೆ ಮಾಡಿ ಹೇಳಿದ ಹಾಗಿದೆ. ನನಗೆ ಇಷ್ಟವಾಗುವುದೂ ಅದೇ.

ಇಷ್ಟವಾಗದ್ದು ಹಾವಿನ ಪ್ರಸಂಗ. ಬೆಟ್ಟದ ಮೇಲೆ ದಾರಿಗಡ್ಡ ಒಂದು ಹಾವು. ಕತ್ತಿ ಕೈಯಲ್ಲಿದ್ದರೆ ಯಾರಾದರೂ ಕಡಿಯುತ್ತಾರೆ. ಆದರೆ ಕುದುರೆಯ ಕಡಿವಾಣವನ್ನು ಅದರ ಮೇಲೆ ಎಸೆಯಬೇಕಂತೆ! ಆಗ ಹಾವು ರೆಕ್ಕೆಯ ಕುದುರೆಯಾಗಿ ಒಂದು ಸಕ್ಕರೆ ಅಚ್ಚು ಕೊಡುತ್ತದೆ. ಡ್ರಾಕುಲಾ ಕೋಟೆಯ ಸುತ್ತ ಇರುವ ವಿಷದ ಮುಳ್ಳುಗಳಿಂದ ಕಾಪಾಡುವುದು ಆ ಸಕ್ಕರೆ. ಇದು ಯಾರ ತಲೆಗೆ ಹೊಳೆಯಬೇಕು ಹೇಳಿ?

ಮಗಳ ಜೊತೆ ಆಡಲು ಎಜಿಡಿ ಇಂಟರಾಕ್ಟಿವ್ ಎಂಬ ಅಭಿಮಾನಿಗಳ ತಂಡ 2002ರಲ್ಲಿ ಬಿಡುಗಡೆ ಮಾಡಿದ ರೂಪವನ್ನೇ ಆರಿಸಿ. ಸಿಯೆರಾ 1990ರಲ್ಲಿ ಮೊದಲನೇ ಆಟವನ್ನು ತಾನೇ ಹೊಸದಾಗಿ ಮಾಡಿತ್ತು, ಎರಡನೇದಕ್ಕೆ ಕೈ ಹಾಕಲಿಲ್ಲ. ಅಭಿಮಾನಿಗಳ ಆಟ ಉಚಿತ. ಆದೇಶ ಟೈಪ್ ಮಾಡಬೇಕಿಲ್ಲ, ಮೌಸ್ ಸಾಕು. ಹದಿನಾರು ಬಣ್ಣದ ಜಾಗದಲ್ಲಿ 256 ಬಣ್ಣ ಬಂದಿದೆ, ಪಾತ್ರಗಳು ಮಾತಾಡುತ್ತವೆ. ಸಿಯೆರಾದಲ್ಲೇ ಕೆಲಸ ಮಾಡಿದ್ದ ಜಾಶ್ ಮ್ಯಾಂಡೆಲ್ ಗ್ರಹಾಂಗೆ ದನಿ ಕೊಟ್ಟಿದ್ದಾರೆ. ಆದರೆ ಕಥೆಯನ್ನು ತುಂಬಾ ತಿದ್ದಿದ್ದಾರೆ. ಕೀಲಿಗಳ ಬದಲು ರತ್ನಗಳು. ಡ್ರಾಕುಲಾ ಬದಲು ಕೌಂಟ್ ಕಾಲ್ಡೌರ್ ಎಂಬ ಒಳ್ಳೆಯ ರಕ್ತಪಿಶಾಚಿ. ಎಲ್ಲಕ್ಕೂ ಒಂದು ಕಾರಣ, ಹಿನ್ನೆಲೆ. ಆಟವಾಗಿ ಇದೇ ಮೇಲು, ಒಪ್ಪುತ್ತೇನೆ. ಆದರೂ ಹಳೇ ಆಟದ ತಲೆಬುಡವಿಲ್ಲದ ಮಜಾ ಇಲ್ಲಿ ಕಡಿಮೆಯಾಗಿದೆ.

2015ರ ಹೊಸ ‘ಕಿಂಗ್ಸ್ ಕ್ವೆಸ್ಟ್’ ಸರಣಿಯ ಮೂರನೇ ಅಧ್ಯಾಯದಲ್ಲೂ ಇದೇ ಗೋಪುರ ಬರುತ್ತದೆ. ಅಲ್ಲಿ ಇಬ್ಬರು ರಾಜಕುಮಾರಿಯರಿದ್ದಾರೆ, ಇಬ್ಬರ ಹೆಸರೂ ವ್ಯಾಲನಿಸ್. ಮುದುಕನಾದ ಗ್ರಹಾಂ ಮೊಮ್ಮಗಳಿಗೆ ಹೇಳುವ ಕಥೆ ಅದು. ನಿಮ್ಮ ಮಗಳಿಗೆ ಇದೂ ಹಿಡಿಸಬಹುದು.

ಪ್ರಶ್ನೆ: ಈ ಹಳೇ ಆಟ ಫೋನ್‌ನಲ್ಲಿ ನಡೆಯುತ್ತಾ?
– ಇನ್ನೊಬ್ಬ ಓದುಗರು, ಹಾಸನ

ಉತ್ತರ: ನಡೆಯುತ್ತದೆ. ಸ್ಕಮ್‌ವಿಎಂ ಎಂಬ ಉಚಿತ ಆ್ಯಪ್ ಹಾಕಿಕೊಂಡು ಆಟದ ಫೈಲುಗಳನ್ನು ಅದಕ್ಕೆ ತೋರಿಸಿ. ಆದರೆ ಈ ಆಟದಲ್ಲಿ ‘ಗೆಟ್ ಬಾಸ್ಕೆಟ್’ ಅಂತ ಟೈಪ್ ಮಾಡುತ್ತಲೇ ಇರಬೇಕು, ಫೋನಿನ ಕೀಬೋರ್ಡ್ ಅರ್ಧ ಪರದೆ ನುಂಗುತ್ತದೆ. ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ಆಡಿ.