ಅನಿಲೀನ್ ಎಂದರೆ ಬೆಂಜೀನ್ ಉಂಗುರಕ್ಕೆ ಅಮಿನೊ ಗುಂಪು (NH₂) ಸೇರಿದ ಅಣು. ಅದರ ಉಂಗುರಕ್ಕೆ ಮೆಥಾಕ್ಸಿ ಗುಂಪು (OCH₃) ಪ್ಯಾರಾದಲ್ಲಿ, ಅಂದರೆ ಅಮಿನೊ ಗುಂಪಿನ ಎದುರು ತುದಿಯಲ್ಲಿ, ಸೇರಿದರೆ ಅನಿಲೀನ್‌ಗಿಂತ ಪ್ರಬಲ ಪ್ರತ್ಯಾಮ್ಲ; ಮೆಟಾದಲ್ಲಿ, ಅಂದರೆ ಒಂದು ಕಾರ್ಬನ್ ಬಿಟ್ಟು ಆಚೆ, ಸೇರಿದರೆ ದುರ್ಬಲ. ಗುಂಪು ಒಂದೇ ಅಲ್ವಾ, ಹೀಗೇಕೆ?

ಇದೇ ಪ್ರಶ್ನೆ ನನ್ನನ್ನೂ ಬಹಳ ದಿನ ಕಾಡಿತ್ತು. ‘ಮೆಥಾಕ್ಸಿ ಎಲೆಕ್ಟ್ರಾನ್ ಕೊಡುವ ಗುಂಪು’ ಎಂದು ಬಾಯಿಪಾಠ ಮಾಡಿದ್ದೆ. ಅದು ಅರ್ಧ ಮಾತು ಮಾತ್ರ.

ಮೊದಲು ಅನಿಲೀನನ್ನೇ ನೋಡಿ. ಪ್ರೋಟಾನನ್ನು ಹಿಡಿಯುವುದು ನೈಟ್ರೋಜನ್ ಮೇಲಿರುವ ಒಂಟಿ ಜೋಡಿ (ಯಾವ ಬಂಧದಲ್ಲೂ ಸೇರದ) ಎಲೆಕ್ಟ್ರಾನ್. ಆದರೆ ಅನಿಲೀನಿನಲ್ಲಿ ಈ ಜೋಡಿ ಸುಮ್ನೆ ಅಲ್ಲೇ ಕೂತಿರುವುದಿಲ್ಲ, ಬೆಂಜೀನ್ ಉಂಗುರದೊಳಕ್ಕೂ ಹರಡಿಕೊಂಡಿರುತ್ತದೆ. ಪ್ರೋಟಾನ್ ಬಂದರೆ ಆ ಹರಡಿಕೆ ನಿಲ್ಲುತ್ತದೆ, ಅದರಿಂದ ಸಿಗುತ್ತಿದ್ದ ಸ್ಥಿರತೆ ಹೋಗುತ್ತದೆ. ಹಾಗಾಗಿ ಬೆಂಜೀನ್ ಉಂಗುರವಿಲ್ಲದ, ಪ್ರೋಟಾನ್ ಹಿಡಿದ ಸೈಕ್ಲೋಹೆಕ್ಸೈಲ್ ಅಮೀನಿನ ಪಿಕೆಎ (ಪ್ರೋಟಾನನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದರ ಅಳತೆ) ಸುಮಾರು 10.6 ಇದ್ದರೆ, ಅನಿಲೀನಿನದು 4.6. ಈ ಸಂಖ್ಯೆ ಜಾಸ್ತಿ ಇದ್ದಷ್ಟೂ ಪ್ರತ್ಯಾಮ್ಲ ಪ್ರಬಲ. ಆರರ ಅಂತರ ಎಂದರೆ ಹತ್ತು ಲಕ್ಷ ಪಟ್ಟು!

ಈಗ ಮೆಥಾಕ್ಸಿಗೆ ಬರೋಣ. ಅದರ ಆಕ್ಸಿಜನ್ ಒಟ್ಟಿಗೇ ಎರಡು ಕೆಲಸ ಮಾಡುತ್ತದೆ. ತನ್ನ ಒಂಟಿ ಜೋಡಿಯನ್ನು ರೆಸೊನೆನ್ಸ್ (ಈಗ ಹೇಳಿದಂಥ ಹರಡಿಕೆ) ಮೂಲಕ ಉಂಗುರಕ್ಕೆ ಕೊಡುತ್ತದೆ. ಜೊತೆಗೇ ಸಿಗ್ಮಾ ಬಂಧಗಳ (ಪರಮಾಣುಗಳನ್ನು ನೇರವಾಗಿ ಜೋಡಿಸುವ ಬಂಧಗಳ) ಮೂಲಕ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆಯುತ್ತದೆ. ಕೊಟ್ಟದ್ದು ಹೋಗಿ ಸೇರುವುದು ಅದಕ್ಕೆ ಆರ್ಥೋ (ಪಕ್ಕದ) ಮತ್ತು ಪ್ಯಾರಾ ಆಗಿರುವ ಕಾರ್ಬನ್‌ಗಳನ್ನು ಮಾತ್ರ. ಗುಂಪು ಪ್ಯಾರಾದಲ್ಲಿದ್ದರೆ ಅಮಿನೊ ಗುಂಪು ಹೊತ್ತ ಕಾರ್ಬನ್ನಿಗೇ ಅದು ತಲುಪುತ್ತದೆ. ಆಗ ನೈಟ್ರೋಜನ್ನಿನ ಜೋಡಿ ಉಂಗುರದೊಳಗೆ ಹರಡುವುದು ಕಡಿಮೆಯಾಗುತ್ತದೆ, ಪಿಕೆಎ 5.3ಕ್ಕೆ ಏರುತ್ತದೆ. ಮೆಟಾದಿಂದ ಆ ಕಾರ್ಬನ್ನಿಗೆ ಏನೂ ತಲುಪುವುದಿಲ್ಲ, ಎಳೆತ ಮಾತ್ರ ಉಳಿಯುತ್ತದೆ. ಅದಕ್ಕೇ 4.2. ಒಮ್ಮೆ ಎರಡಕ್ಕೂ ರೆಸೊನೆನ್ಸ್ ರಚನೆಗಳನ್ನು ನೀವೇ ಬರೆದು ನೋಡಿ. ಋಣ ಆವೇಶ ಎಲ್ಲೆಲ್ಲಿ ಕೂರುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ಮರೆಯುವುದೇ ಇಲ್ಲ.

ಮೆಥಾಕ್ಸಿಯ ಬದಲು ನೈಟ್ರೋ ಗುಂಪು (NO₂) ಇದ್ದರೆ ರೆಸೊನೆನ್ಸೂ ಎಳೆಯುತ್ತದೆ, ಸಿಗ್ಮಾ ಬಂಧವೂ ಎಳೆಯುತ್ತದೆ. ಮೆಟಾದಲ್ಲಿ ಪಿಕೆಎ ಸುಮಾರು 2.5. ಪ್ಯಾರಾದಲ್ಲಂತೂ ನೈಟ್ರೋಜನ್ನಿನ ಜೋಡಿ ನೇರವಾಗಿ ನೈಟ್ರೋದ ಆಕ್ಸಿಜನ್‌ವರೆಗೂ ಹರಡುತ್ತದೆ, ಸಂಖ್ಯೆ 1.0ಕ್ಕೆ ಇಳಿಯುತ್ತದೆ.

ಆದರೆ ಈ ಲೆಕ್ಕವನ್ನು ಆರ್ಥೋಗೆ ಹಾಗೇ ಹಚ್ಚಬೇಡಿ. ಮೀಥೈಲ್ (CH₃) ಎಲೆಕ್ಟ್ರಾನ್ ಕೊಡುವ ಗುಂಪೇ, ಪ್ಯಾರಾದಲ್ಲಿದ್ದಾಗ ಪಿಕೆಎ 5.1. ಅದೇ ಆರ್ಥೋದಲ್ಲಿ 4.4, ಅನಿಲೀನಿಗಿಂತಲೂ ಕಡಿಮೆ! ಪ್ರೋಟಾನ್ ಹಿಡಿದ ಅಮಿನೊ ಗುಂಪನ್ನು ನೀರಿನ ಅಣುಗಳು ಸುತ್ತುವರಿದು ಸ್ಥಿರಗೊಳಿಸಬೇಕು. ಪಕ್ಕದಲ್ಲೇ ಮೀಥೈಲ್ ಕೂತಿದ್ದರೆ ಅವಕ್ಕೆ ಜಾಗ ಸಾಲದು.