ಮಗನ ಮರ್ಯಾದೆ, ಅಮ್ಮನ ಸಂಜೆ

ಪ್ರಶ್ನೆ: ನನಗೆ 71 ವರ್ಷ. ಹೈಸ್ಕೂಲ್ ಟೀಚರ್ ಆಗಿದ್ದೆ, ಪಿಂಚಣಿ ಬರುತ್ತೆ, ಹಾಸನದಲ್ಲಿ ಸ್ವಂತ ಮನೆ ಇದೆ. ಯಜಮಾನರು ಹೋಗಿ ಮೂರು ವರ್ಷ. ಹಗಲು ಹೇಗೋ ಕಳೆಯುತ್ತೆ, ಸಂಜೆ ದೀಪ ಹಚ್ಚಿದ ಮೇಲೆ ಮನೆ ತಿನ್ನೋಕೆ ಬರುತ್ತೆ. ಮಾತಿನ ಸದ್ದಾದರೂ ಇರಲಿ ಅಂತ ಟಿವಿ ಹಾಕ್ತೀನಿ, ಸೌಂಡ್ ಜಾಸ್ತಿ ಅಂತ ಪಕ್ಕದ ಮನೆಯವರ ತಕರಾರು. ದೋಸೆಹಿಟ್ಟು ರುಬ್ಬಿದರೆ ಅರ್ಧ ಹುಳಿಬಂದು ಚೆಲ್ಲೋದೇ. ಬೆಂಗಳೂರಿನ ಮಗನ ಮನೆಯಲ್ಲಿ ಮೂರು ತಿಂಗಳಿದ್ದೆ. ಅವರೆಲ್ಲ ಕೆಲಸಕ್ಕೆ ಹೋದರೆ ಹದಿಮೂರನೇ ಮಹಡಿಯಲ್ಲಿ ನಾನು, ನಾಲ್ಕು ಗೋಡೆ. ಜೊತೆಗೆ ಕೆಲಸ ಮಾಡಿದ ಗೆಳತಿ ಮೈಸೂರಿನ ಹತ್ತಿರ ಹಿರಿಯರ ವಸತಿ ಸಮುಚ್ಚಯ ಸೇರಿದ್ದಾಳೆ, ನೀನೂ ಬಾ ಅಂತಾಳೆ. ನನಗೆ ಮನಸ್ಸಿದೆ. ಮಗ ಮಾತ್ರ “ನಾನಿರುವಾಗ ನೀನು ಆಶ್ರಮ ಸೇರಿದರೆ ನೆಂಟರ ಮುಂದೆ ತಲೆ ಎತ್ತೋದು ಹೇಗಮ್ಮ” ಅಂತ ಫೋನಿನಲ್ಲೇ ಅತ್ತುಬಿಟ್ಟ. ಏನು ಮಾಡಲಿ?
– ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಅಮ್ಮಾ, ಮಕ್ಕಳು ಆಶ್ರಮಕ್ಕೆ ತಳ್ಳುತ್ತಿದ್ದಾರೆ ಎಂದು ಅಳುವ ಪತ್ರಗಳೇ ನನಗೆ ರೂಢಿ. ಹೋಗುತ್ತೇನೆಂದರೆ ಬಿಡುತ್ತಿಲ್ಲ ಎನ್ನುವ ಪತ್ರ ಓದಿ, ನಿಜ ಹೇಳಬೇಕೆಂದರೆ, ಸ್ವಲ್ಪ ಖುಷಿಯೇ ಆಯಿತು.

ಮೊದಲು ಟಿವಿ ವಿಷಯ. ಪಕ್ಕದ ಮನೆಯವರಿಗೆ ಜೋರಾಗಿ ಕೇಳುವುದು ನಿಮಗೆ ಸರಿಯಾಗಿ ಕೇಳುತ್ತಿದೆ ಎಂದರೆ ಕಿವಿ ತೋರಿಸಿಕೊಳ್ಳಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ಕಿವಿ-ಮೂಗು-ಗಂಟಲು ವಿಭಾಗವಿದೆ. ಕಿವಿ ಮಂದವಾದವರು ನಾಲ್ಕು ಜನ ಕೂತಲ್ಲಿ ಮಾತು ಹಿಡಿಯಲಾಗದೆ ಸುಮ್ಮನೆ ನಗುತ್ತಾರೆ, ಆಮೇಲೆ ಅಲ್ಲಿಗೆ ಹೋಗುವುದನ್ನೇ ಬಿಡುತ್ತಾರೆ. ಇದನ್ನು ಸರಿಮಾಡಿಕೊಳ್ಳದೆ ನೂರು ಜನರಿರುವ ಜಾಗಕ್ಕೆ ಹೋದರೂ ಊಟದ ಮನೆಯಲ್ಲಿ ನೀವು ಒಬ್ಬರೇ.

ಒಂಟಿತನ ಅಂತ ಹೇಳಿಕೊಳ್ಳಲು ಸಂಕೋಚವೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರಿಗೆ ಇದೇ ಪಾಡು, ಹರೆಯದ ಹುಡುಗ ಹುಡುಗಿಯರೂ ಅದರಲ್ಲಿ ಸೇರಿದ್ದಾರೆ. ಹೃದ್ರೋಗ, ಪಾರ್ಶ್ವವಾಯುವಿಗೂ ಇದಕ್ಕೂ ನಂಟಿದೆ ಎಂದು ಆ ವರದಿ ಹೇಳುತ್ತದೆ. ಬಿಪಿ ನೋಡುವ ಡಾಕ್ಟರಿಗೆ “ಸಂಜೆ ಆಗಲ್ಲ ಡಾಕ್ಟ್ರೇ” ಅಂತ ಬಾಯಿಬಿಟ್ಟು ಹೇಳಿ. ನಿದ್ದೆ, ಊಟ ಕೆಟ್ಟಿದ್ದರಂತೂ ಖಂಡಿತ ಹೇಳಲೇಬೇಕು.

ಇನ್ನು ಹೋಗುವ ಮಾತು. ಹೋಗಿ, ಆದರೆ ಮೊದಲು ಒಂದು ತಿಂಗಳ ಮಟ್ಟಿಗೆ, ಬಾಡಿಗೆಗೆ. ಸಾಧ್ಯವಾದರೆ ಆಷಾಢದ ಮಳೆಯಲ್ಲಿ. ಬಿಸಿಲಿನಲ್ಲಿ ಹೂದೋಟ ತೋರಿಸಿದರೆ ಯಾವ ಜಾಗವೂ ಚೆಂದ. ಗೆಳತಿ ಇಲ್ಲದ ದಿನ ಊಟಕ್ಕೆ ಯಾರ ಪಕ್ಕ ಕೂರುತ್ತೀರಿ ನೋಡಿ. ಸಂಜೆ ಆರರಿಂದ ಒಂಬತ್ತು ಅಲ್ಲಿ ಏನು ನಡೆಯುತ್ತದೆ, ಅದನ್ನೂ ನೋಡಿ. ಎಷ್ಟೋ ಕಡೆ ಭಜನೆ ಮುಗಿಸಿ ಏಳೂವರೆಗೆ ಊಟ ಹಾಕಿ ಬಾಗಿಲು ಹಾಕಿಕೊಳ್ಳುತ್ತಾರೆ, ಆಮೇಲೆ ಅಲ್ಲೂ ಅದೇ ಟಿವಿ. ಅಡುಗೆಮನೆಗೆ ನಿಮ್ಮನ್ನು ಬಿಡುತ್ತಾರಾ, ಕೆಲಸದವರ ಮಕ್ಕಳಿಗೆ ಪಾಠ ಹೇಳಿಕೊಡಬಹುದಾ ಎಂದೂ ಕೇಳಿ. ಮೂವತ್ತು ವರ್ಷ ಪಾಠ ಮಾಡಿದವರು ಬರೀ ಬಡಿಸಿಕೊಂಡು ಉಂಡು ಎಷ್ಟು ದಿನ ಇರುತ್ತೀರಿ?

ಕಾಗದಪತ್ರ ಓದುವಾಗ ಕನ್ನಡಕದ ಜೊತೆ ಮಗನನ್ನೂ ಕೂರಿಸಿಕೊಳ್ಳಿ. ಠೇವಣಿ ಎಷ್ಟು, ಬಿಟ್ಟು ಬಂದರೆ ಎಷ್ಟು ದಿನಕ್ಕೆ ವಾಪಸ್, ನೀವು ಹೋದ ಮೇಲೆ ಯಾರಿಗೆ. ತಿಂಗಳ ಶುಲ್ಕ ವರ್ಷಕ್ಕೆ ಎಷ್ಟು ಏರುತ್ತದೆ, ನಿಮ್ಮ ಪಿಂಚಣಿ ಅದರ ಹಿಂದೆ ಓಡುತ್ತದಾ. ಎಲ್ಲಕ್ಕಿಂತ ಮುಖ್ಯ, ನಾಳೆ ಹಾಸಿಗೆ ಹಿಡಿದರೆ, ಮರೆವು ಬಂದರೆ ಅಲ್ಲೇ ನೋಡಿಕೊಳ್ಳುತ್ತಾರಾ, ಮನೆಗೆ ಕರೆದೊಯ್ಯಿ ಎನ್ನುತ್ತಾರಾ. ಇಂಥ ವಸತಿಗಳಿಗೆ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ, ಆದರೆ ಕೊನೆಗೆ ನಿಮ್ಮನ್ನು ಕಾಯುವುದು ಕರಾರುಪತ್ರದ ಸಾಲುಗಳೇ. ಕೊಂಡುಕೊಳ್ಳುವುದಾದರೆ ರೇರಾ, ಅಂದರೆ ಕಟ್ಟಡ ಯೋಜನೆಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರದ ನೋಂದಣಿ ನೋಡದೆ ಮುಂಗಡ ಕೊಡಬೇಡಿ.

ಹಾಸನದ ಮನೆ ಮಾರಬೇಡಿ, ಈಗಲೇ ಯಾರ ಹೆಸರಿಗೂ ದಾನಪತ್ರ ಬೇಡ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಮಾತು ತಪ್ಪಿದರೆ ರದ್ದು ಮಾಡಿಸಬಹುದು, ನಿಜ. ಆದರೆ ಈ ವಯಸ್ಸಿನಲ್ಲಿ ಉಪವಿಭಾಗಾಧಿಕಾರಿ ಕಚೇರಿಯ ಮೆಟ್ಟಿಲು ಯಾಕೆ? ನಿಮ್ಮ ಮಗ ಅಂಥವನಲ್ಲ, ಪತ್ರದಲ್ಲೇ ಗೊತ್ತಾಗುತ್ತದೆ. ಮನೆ ಇದ್ದರೆ ವಾಪಸ್ ಬರುವ ದಾರಿ ಇರುತ್ತದೆ, ಅಷ್ಟೇ.

ಮಗನ ಅಳುವಿನಲ್ಲಿ ಅರ್ಧ ಪ್ರೀತಿ, ಅರ್ಧ “ಆಶ್ರಮ” ಎಂಬ ಪದದ ಭಯ. ಫೋನಿನಲ್ಲಿ ವಾದಿಸಬೇಡಿ. ಒಂದು ಶನಿವಾರ ಅವನನ್ನೇ ಕರೆದುಕೊಂಡು ಹೋಗಿ ಅಲ್ಲಿ ಊಟ ಮಾಡಿಸಿ. “ನಿನ್ನ ಮನೆಯಲ್ಲಿ ಕೊರತೆ ಇರಲಿಲ್ಲ ಕಂದಾ, ಹಗಲು ಮಾತಿಗೆ ಯಾರೂ ಇರಲಿಲ್ಲ” ಎಂದಷ್ಟೇ ಹೇಳಿ. ನೆಂಟರಿಗೆ ಉತ್ತರ ಕೊಡುವ ಕೆಲಸ ಅವನಿಗೆ ಬಿಡಬೇಡಿ, ನೀವೇ ಎಲ್ಲರಿಗೂ ಫೋನ್ ಮಾಡಿ ಹೇಳಿಬಿಡಿ. ಅಮ್ಮನೇ ಹೇಳಿದ ಮೇಲೆ ಅವರು ಮಗನನ್ನು ಏನು ಕೇಳಿಯಾರು!

ಊರು ತಪ್ಪುತ್ತದೆ ಎಂಬ ಚಿಂತೆಯಿದ್ದರೆ, 2023ರ ಜೂನ್‌ನಿಂದ ಸಾಮಾನ್ಯ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಆಧಾರ್ ಕಾರ್ಡ್ ಚೀಲದಲ್ಲಿರಲಿ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಗೆಳತಿಯನ್ನೂ ಕರೆತಂದು ಮನೆ ಬಾಗಿಲು ತೆರೆಯಿರಿ. ಅಷ್ಟರವರೆಗೆ ಒಂದು ಬೀಗದಕೈ ಆ ತಕರಾರಿನ ಪಕ್ಕದ ಮನೆಯವರ ಹತ್ತಿರವೇ ಇರಲಿ. ಈ ವಾರದ ಹಿಟ್ಟು ಹುಳಿಯಾಗುವ ಮೊದಲು ಅವರಿಗೊಂದು ಡಬ್ಬಿ ಕೊಟ್ಟು ಕೇಳಿ ನೋಡಿ.