ರಸಲ್ ವಿಲ್ಸನ್ ಹೋದ ಮೇಲೂ ಸೀಹಾಕ್ಸ್ ಯಾಕೆ ಮುಳುಗಲಿಲ್ಲ?

ನಿಮ್ಮ ಪ್ರಶ್ನೆ: "ಕೆಲಸದ ಮೇಲೆ ಹೊಸದಾಗಿ ಸಿಯಾಟಲ್‌ಗೆ ಬಂದಿದ್ದೇನೆ. 2022ರಲ್ಲಿ ರಸಲ್ ವಿಲ್ಸನ್‌ನನ್ನು ಟ್ರೇಡ್ ಮಾಡಿದಾಗ ಇಲ್ಲಿನ ಅಭಿಮಾನಿಗಳೇ ತಂಡದ ಕಥೆ ಮುಗಿಯಿತು ಅಂದಿದ್ದರಂತೆ. ಅದೇ ವರ್ಷ ತಂಡ ಪ್ಲೇಆಫ್‌ಗೆ ಹೋಯಿತಂತೆ. ಅಷ್ಟು ಜನರ ಲೆಕ್ಕ ಹೇಗೆ ತಪ್ಪಿತು? ಕ್ರಿಕೆಟ್ ಮಾತ್ರ ಗೊತ್ತಿರುವವನಿಗೆ ಅರ್ಥವಾಗುವ ಹಾಗೆ ಹೇಳಿ."

ಸೀಹಾಕ್ಸ್ ಸಿಯಾಟಲ್‌ನ ಅಮೆರಿಕನ್ ಫುಟ್‌ಬಾಲ್ ತಂಡ, ವಿಲ್ಸನ್ ಅದರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಅವನನ್ನು ಕಳಿಸಿದ್ದು ಸರಿಯೋ ತಪ್ಪೋ ಅಂತ ಆ ಬೇಸಿಗೆ ಪೂರ್ತಿ ಊರು ಕಿತ್ತಾಡಿತು. ಆ ಜಗಳದಲ್ಲಿ ಎರಡೂ ಕಡೆಯವರು ತಕರಾರಿಲ್ಲದೆ ಒಪ್ಪಿಕೊಂಡಿದ್ದ ಮಾತು ಒಂದೇ: ಬದಲಿ ಕ್ವಾರ್ಟರ್‌ಬ್ಯಾಕ್ ಜೀನೋ ಸ್ಮಿತ್ ಲೆಕ್ಕಕ್ಕಿಲ್ಲ. ಸೀಸನ್ ನಿಂತಿದ್ದು ಅವನ ಮೇಲೆಯೇ. ಚಿಕ್ಕ ಉತ್ತರ ಇಷ್ಟೇ. ಉದ್ದದ್ದು ಬೇಕಿದ್ದರೆ ಮುಂದೆ ಓದಿ.

ವಿಲ್ಸನ್ 2012ರಲ್ಲಿ, ಕಾಲೇಜು ಹುಡುಗರನ್ನು ತಂಡಗಳು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ, 75ನೆಯವನಾಗಿ ಆಯ್ಕೆಯಾದವನು. ಕ್ವಾರ್ಟರ್‌ಬ್ಯಾಕ್ ಆಗೋಕೆ ಕುಳ್ಳ ಅಂತ ಮೂಗು ಮುರಿದವರೇ ಜಾಸ್ತಿ. ಎರಡನೇ ಸೀಸನ್ನಿಗೇ ಡೆನ್ವರ್ ಬ್ರಾಂಕೋಸ್ ತಂಡವನ್ನು 43-8ರಿಂದ ಹೊಡೆದು ಸಿಯಾಟಲ್‌ಗೆ ಮೊದಲ ಸೂಪರ್ ಬೌಲ್, ಅಂದರೆ ಲೀಗಿನ ಕಿರೀಟ, ತಂದುಕೊಟ್ಟ. ಅಲ್ಲಿಂದ 2020ರವರೆಗೆ ಒಂದು ವರ್ಷವೂ ತಂಡಕ್ಕೆ ಗೆಲುವಿಗಿಂತ ಸೋಲು ಹೆಚ್ಚಾಗಲಿಲ್ಲ. 2021ರಲ್ಲಿ ಬೆರಳಿಗೆ ಪೆಟ್ಟಾಗಿ ಮೂರು ಪಂದ್ಯ ಹೊರಗೆ ಕೂತ, ತಂಡ 7-10ಕ್ಕೆ (ಏಳು ಗೆಲುವು, ಹತ್ತು ಸೋಲು) ಇಳಿಯಿತು. ಒಳಗಿನ ಮುನಿಸು ಅದಕ್ಕೂ ಹಳೆಯದು. ಕೋಚ್ ಪೀಟ್ ಕ್ಯಾರೊಲ್‌ಗೆ ಚೆಂಡು ಹಿಡಿದು ಓಡುವ ಆಟ ಮತ್ತು ಗಟ್ಟಿ ಡಿಫೆನ್ಸ್ ಬೇಕು, ವಿಲ್ಸನ್‌ಗೆ ಎಸೆಯುವ ಸ್ವಾತಂತ್ರ್ಯ ಬೇಕು. ಎತ್ತು ಏರಿಗೆ, ಕೋಣ ನೀರಿಗೆ. 2022ರ ಮಾರ್ಚ್ 8ರಂದು ಡೆನ್ವರ್ ಜೊತೆ ಮಾತುಕತೆ ಮುಗಿದ ಸುದ್ದಿ ಬಂತು. ಅದು ಸಾಲದು ಅಂತ ಅದೇ ದಿನ ಡಿಫೆನ್ಸಿನ ನಾಯಕ ಬಾಬಿ ವ್ಯಾಗ್ನರ್‌ನನ್ನೂ ಬಿಡುತ್ತಾರೆ ಅಂತ ಗೊತ್ತಾಯಿತು. ಒಂದೇ ದಿನ ಎರಡು. ಜನ ಬಾಯಿ ಬಡಿದುಕೊಂಡಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಕ್ರಿಕೆಟ್ ಕಣ್ಣಿಂದ ನೋಡುವವರಿಗೆ ಇಲ್ಲೊಂದು ವ್ಯತ್ಯಾಸ ಗೊತ್ತಿರಬೇಕು. ಆರ್‌ಸಿಬಿ ಚಹಲ್‌ನನ್ನು ಉಳಿಸಿಕೊಳ್ಳದೆ ಬಿಟ್ಟ ಮೇಲೆ ಅವನು ರಾಜಸ್ಥಾನಕ್ಕೆ ಆಡಿ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡದ್ದೂ 2022ರಲ್ಲೇ. ನಮ್ಮ ಇಲ್ಲಿನ ಗುಂಪಿನಲ್ಲಿ ಬೆಂಗಳೂರಿನವರು ತುಂಬಾ ಇದ್ದೀವಿ, ಆ ಗಾಯ ಇನ್ನೂ ಹಸಿಯಾಗಿತ್ತು, "ಇನ್ನೊಂದು ಚಹಲ್ ಕಥೆ" ಅಂತ ತಕ್ಷಣ ಷರಾ ಬರೆದುಬಿಟ್ಟರು. ಆದರೆ ಐಪಿಎಲ್‌ನಲ್ಲಿ ಆಟಗಾರನನ್ನು ಹೀಗೆ ಬಿಟ್ಟರೆ ಪರ್ಸ್‌ನಲ್ಲಿ ದುಡ್ಡು ಉಳಿಯುತ್ತದೆ, ಅಷ್ಟೇ. ಇಲ್ಲಿ ಎದುರು ತಂಡದ ಭವಿಷ್ಯದ ಒಂದು ತುಂಡನ್ನೇ ಕೇಳಿ ಪಡೆಯಬಹುದು. ಡ್ರಾಫ್ಟ್‌ನಲ್ಲಿ ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಡೆನ್ವರ್ ತನ್ನ 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳನ್ನು, ಎರಡೂ ವರ್ಷದ ಎರಡನೇ ಸುತ್ತಿನವನ್ನು, ಜೊತೆಗೊಂದು ಐದನೇ ಸುತ್ತಿನದನ್ನು ಕೊಟ್ಟಿತು. ಅದರ ಮೇಲೆ ಮೂವರು ಆಟಗಾರರು: ಕ್ವಾರ್ಟರ್‌ಬ್ಯಾಕ್ ಡ್ರೂ ಲಾಕ್, ಎದುರಾಳಿಯನ್ನು ತಡೆಯುವ, ಚೆಂಡೂ ಹಿಡಿಯುವ ಟೈಟ್ ಎಂಡ್ ನೋವಾ ಫ್ಯಾಂಟ್, ಡಿಫೆನ್ಸಿನ ಶೆಲ್ಬಿ ಹ್ಯಾರಿಸ್. ವಿಲ್ಸನ್ ಜೊತೆ ನಮ್ಮ ಕಡೆಯಿಂದ ಹೋದದ್ದು ಒಂದು ನಾಲ್ಕನೇ ಸುತ್ತಿನ ಸರದಿ.

ದುಡ್ಡು ಉಳಿಯುತ್ತೆ ಅನ್ನುವ ವಾದವೂ ಇತ್ತು. ಆ ವರ್ಷದ ಮಟ್ಟಿಗೆ ಅದರಲ್ಲಿ ಹುರುಳಿರಲಿಲ್ಲ. ತಂಡವೊಂದು ಆಟಗಾರರಿಗೆ ಖರ್ಚು ಮಾಡಬಹುದಾದ ಮಿತಿ 20 ಕೋಟಿ 82 ಲಕ್ಷ ಡಾಲರ್. ಅದರಲ್ಲಿ ವಿಲ್ಸನ್ ಪಾಲು 3.7 ಕೋಟಿ ಆಗಬೇಕಿತ್ತು. ಅವನನ್ನು ಕಳಿಸಿದರೂ ಹಳೇ ಬೋನಸ್ಸಿನ ಬಾಕಿ ಅಂತ 2.6 ಕೋಟಿ ಸಿಯಾಟಲ್ ಲೆಕ್ಕದಲ್ಲೇ ಉಳಿಯಿತು. ಆಟಗಾರ ಡೆನ್ವರ್‌ನಲ್ಲಿ, ಲೆಕ್ಕದ ಶೇಕಡಾ ಎಪ್ಪತ್ತು ಭಾಗ ನಮ್ಮಲ್ಲಿ.

ಹಾಗಾಗಿ ಜಗಳ ಎರಡು ಪಕ್ಷಗಳ ನಡುವೆ. ಒಂದು, ತಂಡ ಹಳ್ಳ ಹಿಡಿಯಿತು, 70 ವರ್ಷದ ಕೋಚ್‌ನನ್ನು ಉಳಿಸಿಕೊಂಡು 33ರ ಕ್ವಾರ್ಟರ್‌ಬ್ಯಾಕ್‌ನನ್ನು ಕಳಿಸುವ ಬುದ್ಧಿವಂತರು ಎಲ್ಲಿದ್ದಾರೆ ಅನ್ನುವವರು. ಇನ್ನೊಂದು, ಸೋತರೆ ಸೋಲಲಿ, ಈ ವರ್ಷ ಸೋತಷ್ಟೂ ಒಳ್ಳೆಯದು, 2023ರ ಡ್ರಾಫ್ಟ್‌ನಲ್ಲಿ ಒಳ್ಳೆಯ ಹುಡುಗ ಸಿಗುತ್ತಾನೆ ಅನ್ನುವವರು. ಗಮನಿಸಿ, ಇಬ್ಬರೂ ಸೋಲನ್ನು ಒಪ್ಪಿಕೊಂಡೇ ಕೂತಿದ್ದರು. ಬೆಟ್ಟಿಂಗ್ ಕಟ್ಟುವವರ ಅಂದಾಜು ಕೂಡ 17 ಪಂದ್ಯಗಳಲ್ಲಿ ಐದೂವರೆ ಗೆಲುವು. ನಾನು ಟ್ರೇಡ್ ಪರ ಇದ್ದವನು, ಆದರೆ ನನ್ನ ಪಕ್ಷದವರ ಜೊತೆ ನನಗೇ ಸರಿಹೋಗುತ್ತಿರಲಿಲ್ಲ. ಬೇಕಂತಲೇ ಸೋಲಬೇಕು ಅನ್ನುವುದು ಟಿಕೆಟ್‌ಗೆ ದುಡ್ಡು ಕೊಡದವರು ಆಡುವ ಮಾತು.

ಏಪ್ರಿಲ್ ಡ್ರಾಫ್ಟ್‌ನಲ್ಲಿ ಗಲಾಟೆ ಇನ್ನೂ ಏರಿತು. ಮಲಿಕ್ ವಿಲ್ಲಿಸ್ ಅನ್ನುವ ಕ್ವಾರ್ಟರ್‌ಬ್ಯಾಕ್ ಎರಡನೇ ಸುತ್ತಿಗೂ ಉಳಿದಿದ್ದ. ಸಿಯಾಟಲ್ ಕೈಯಲ್ಲಿ 40 ಮತ್ತು 41, ಎರಡು ಸರದಿ ಸಾಲಾಗಿ. ತಗೋ, ತಗೋ ಅಂತ ಊರೆಲ್ಲ ಕೂಗುತ್ತಿದ್ದರೆ ಜನರಲ್ ಮ್ಯಾನೇಜರ್ ಜಾನ್ ಶ್ನೈಡರ್ ಮೊದಲನೆಯದಕ್ಕೆ ಬೋಯೆ ಮಾಫೆ ಅನ್ನುವ ಡಿಫೆಂಡರ್‌ನನ್ನೂ ಎರಡನೆಯದಕ್ಕೆ ಕೆನೆತ್ ವಾಕರ್ ಅನ್ನುವ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನನ್ನೂ ಎತ್ತಿಕೊಂಡ. ಡೆನ್ವರ್‌ನಿಂದ ಬಂದ 9ನೇ ಸರದಿಯಲ್ಲಿ ಆಗಲೇ ಚಾರ್ಲ್ಸ್ ಕ್ರಾಸ್ ಬಂದಾಗಿತ್ತು. ಅವನು ಲೆಫ್ಟ್ ಟ್ಯಾಕಲ್, ಅಂದರೆ ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವವನು. ಮೂರನೇ ಸುತ್ತಿನಲ್ಲಿ ಬಲಬದಿಗೆ ಏಬ್ ಲ್ಯೂಕಸ್. ಇಡೀ ಡ್ರಾಫ್ಟ್‌ನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಕೂಡ ಇಲ್ಲ! "ಎಸೆಯುವವನೇ ಇಲ್ಲದ ಮೇಲೆ ಯಾರನ್ನ ಕಾಯೋಕೆ?" ಅಂತ ಗೆಳೆಯನೊಬ್ಬ ಗುಂಪಿನಲ್ಲಿ ಹಾಕಿದ್ದ. ಆ ಮೆಸೇಜನ್ನು ಈಗಲೂ ಅವನಿಗೆ ವರ್ಷಕ್ಕೊಮ್ಮೆ ಕಳಿಸುತ್ತಿರುತ್ತೇವೆ.

ಜೀನೋಗೆ ಆಗ 31. ನ್ಯೂಯಾರ್ಕ್ ಜೆಟ್ಸ್ 2013ರಲ್ಲಿ ಎರಡನೇ ಸುತ್ತಿನಲ್ಲಿ ತೆಗೆದುಕೊಂಡಿತ್ತು. 2015ರಲ್ಲಿ ಡ್ರೆಸ್ಸಿಂಗ್ ರೂಮಿನಲ್ಲಿ ಸ್ವಂತ ತಂಡದವನೇ ಗುದ್ದಿ ದವಡೆ ಮುರಿದ. ಆ ಜಾಗ ಅವನಿಗೆ ಮತ್ತೆ ಗಟ್ಟಿಯಾಗಿ ಸಿಗಲಿಲ್ಲ. ಆಮೇಲೆ ಊರೂರು ಸುತ್ತಿ 2019ರಿಂದ ಸಿಯಾಟಲ್‌ನಲ್ಲಿ ವಿಲ್ಸನ್ ಹಿಂದೆ ಬೆಂಚು ಕಾಯುತ್ತಿದ್ದ. ವಿಲ್ಸನ್ ಬೆರಳು ಕೈಕೊಟ್ಟ ಮೂರು ವಾರ ಅವನೇ ಆಡಿದ್ದು. ಪರವಾಗಿಲ್ಲ ಅನ್ನುವಷ್ಟು ಆಡಿದ್ದ, ಆದರೆ ತಂಡ ಗೆದ್ದದ್ದು ಒಂದೇ ಪಂದ್ಯ, ಹಾಗಾಗಿ ಯಾರಿಗೂ ನೆನಪಿರಲಿಲ್ಲ. 2022ಕ್ಕೆ ಅವನ ಕರಾರು 35 ಲಕ್ಷ ಡಾಲರ್, ಚೆನ್ನಾಗಿ ಆಡಿದರೆ ಇನ್ನೊಂದಷ್ಟು. ಈ ಲೀಗಿನಲ್ಲಿ ಅದು ಸ್ಟೆಪ್ನಿಗೆ ಕೊಡುವ ಬೆಲೆ. ಆಗಸ್ಟ್‌ನಲ್ಲಿ ಅವನಿಗೂ ಡ್ರೂ ಲಾಕ್‌ಗೂ ಪೈಪೋಟಿ ಇಟ್ಟರು. ಲಾಕ್ ಆರಂಭಿಸಬೇಕಿದ್ದ ಅಭ್ಯಾಸ ಪಂದ್ಯಕ್ಕೆ ಮುಂಚೆ ಅವನಿಗೆ ಕೋವಿಡ್ ಬಂತು, ಮುಂದಿನದರಲ್ಲಿ ಮೂರು ಇಂಟರ್‌ಸೆಪ್ಷನ್ ಎಸೆದ, ಅಂದರೆ ಎಸೆದ ಚೆಂಡನ್ನು ಎದುರಾಳಿ ಹಿಡಿದ. ಕ್ಯಾರೊಲ್ ಜೀನೋ ಹೆಸರು ಹೇಳಿದ. ಊರಿನಲ್ಲಿ ಸಂಭ್ರಮವೇನೂ ಇರಲಿಲ್ಲ.

ಸೆಪ್ಟೆಂಬರ್ 12, ಸೋಮವಾರ ರಾತ್ರಿ. ವೇಳಾಪಟ್ಟಿ ಮಾಡುವವರು ಬಿಡುತ್ತಾರೆಯೇ, ಮೊದಲ ಪಂದ್ಯವೇ ಡೆನ್ವರ್ ವಿರುದ್ಧ, ನಮ್ಮ ಮೈದಾನ ಲ್ಯೂಮೆನ್ ಫೀಲ್ಡ್‌ನಲ್ಲಿ. ಹತ್ತು ವರ್ಷ ತಲೆ ಮೇಲೆ ಹೊತ್ತವನಿಗೆ ಆ ರಾತ್ರಿ ಜನ ಗಂಟಲು ಹರಿಯುವಂತೆ ಹುಯ್ಲಿಟ್ಟರು. ಜೀನೋ ಮೊದಲ ಸಲ ಚೆಂಡು ಹಿಡಿದು ಬಂದಾಗಲೇ ವಿಲ್ ಡಿಸ್ಲಿಗೆ 38 ಯಾರ್ಡಿನ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಎಸೆದ, ಹತ್ತಿರ ಒಬ್ಬ ಡಿಫೆಂಡರ್ ಇಲ್ಲ. ಮೊದಲಾರ್ಧದಲ್ಲಿ 18 ಎಸೆತಗಳಲ್ಲಿ 17 ಗುರಿ ಮುಟ್ಟಿದವು. "ಜೀನೋ, ಜೀನೋ" ಅಂತ ಕೂಗು ಶುರುವಾಯಿತು. ದ್ವಿತೀಯಾರ್ಧದಲ್ಲಿ ನಮ್ಮವರು ಒಂದು ಪಾಯಿಂಟ್ ಕೂಡ ಗಳಿಸಲಿಲ್ಲ, ಅದೂ ನಿಜ. ಆದರೆ ಡೆನ್ವರ್ ಗೋಲ್ ಗೆರೆಯ ಒಂದು ಯಾರ್ಡ್ ದೂರದಲ್ಲಿ ಎರಡು ಸಲ ಚೆಂಡು ಬೀಳಿಸಿಕೊಂಡಿತು. 17-16. ನಾವು ಮುಂದೆ, ಕೊನೆಯ ನಿಮಿಷ ಚಿಲ್ಲರೆ, ಡೆನ್ವರ್‌ಗೆ ನಾಲ್ಕನೇ ಡೌನ್, ಅಂದರೆ ಕೊನೆಯ ಯತ್ನ, ಚೆಂಡು ಉಳಿಸಿಕೊಳ್ಳಲು ಬೇಕಾಗಿದ್ದದ್ದು ಐದು ಯಾರ್ಡ್. ಅವರ ಹೊಸ ಕೋಚ್ ನೆಥಾನಿಯಲ್ ಹ್ಯಾಕೆಟ್ ಕೈಯಲ್ಲಿ ಗಡಿಯಾರ ನಿಲ್ಲಿಸುವ ಮೂರು ಟೈಮ್‌ಔಟ್ ಇಟ್ಟುಕೊಂಡು ಗಡಿಯಾರವನ್ನು 20 ಸೆಕೆಂಡಿಗೆ ಓಡಲು ಬಿಟ್ಟ. ಆಮೇಲೆ ವಿಲ್ಸನ್‌ನನ್ನು ಬದಿಗೆ ಕೂರಿಸಿ 64 ಯಾರ್ಡ್ ದೂರದಿಂದ ಗೋಲಿಗೆ ಒದೆಯಲು ಕಿಕ್ಕರ್‌ನನ್ನು ಕಳಿಸಿದ. ಲೀಗಿನ ಇತಿಹಾಸದ ದಾಖಲೆಯೇ ಆಗ 66. ಅಲ್ಲಾ ಮಾರಾಯ, ಅಷ್ಟೊಂದು ಬೆಲೆ ತೆತ್ತು ತಂದುಕೊಂಡದ್ದು ಇಂಥ ಒಂದು ಐದು ಯಾರ್ಡಿಗೇ ಅಲ್ಲವೇ? ಕಿಕ್ ಎಡಕ್ಕೆ ಹೋಯಿತು. ಜೀನೋ ಪಂದ್ಯ ಮುಗಿದ ಮೇಲೆ, ನನ್ನ ಹೆಸರನ್ನು ಎಲ್ಲರೂ ಹೊಡೆದುಹಾಕಿದ್ದರು, ನಾನು ಉತ್ತರ ಬರೆಯಲು ಹೋಗಲಿಲ್ಲ ಎಂಬರ್ಥದ ಮಾತೊಂದು ಹೇಳಿದ. ಆ ಸಾಲು ಇಲ್ಲಿ ಇವತ್ತಿಗೂ ಓಡಾಡುತ್ತದೆ.

ಆ ವರ್ಷ ನಮಗೆ ಎರಡೆರಡು ತಂಡ. ಸಿಯಾಟಲ್ ಗೆಲ್ಲಬೇಕು, ಡೆನ್ವರ್ ಸೋಲಬೇಕು, ಯಾಕೆಂದರೆ ಅವರು ಸೋತಷ್ಟೂ 2023ರ ಸರದಿ ಮೇಲೇರುತ್ತದೆ. ಡೆನ್ವರ್ ಪಂದ್ಯಗಳನ್ನು ಇಷ್ಟು ಶ್ರದ್ಧೆಯಿಂದ ಡೆನ್ವರ್‌ನವರೂ ನೋಡಿರಲಿಕ್ಕಿಲ್ಲ. ಎರಡನೇ ವಾರ ಅವರ ಮೈದಾನದಲ್ಲಿ ಅವರ ಅಭಿಮಾನಿಗಳೇ ಪ್ಲೇ ಕ್ಲಾಕ್‌ನ, ಅಂದರೆ ಮುಂದಿನ ಆಟ ಶುರು ಮಾಡಲು ಇರುವ ಗಡುವಿನ, ಸೆಕೆಂಡುಗಳನ್ನು ಒಟ್ಟಾಗಿ ಎಣಿಸಿ ಸ್ವಂತ ತಂಡಕ್ಕೆ ಹೊತ್ತು ನೆನಪಿಸಿದರು. ಅಕ್ಟೋಬರ್‌ನಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ 12-9ರಿಂದ ಸೋತರು, ಓವರ್‌ಟೈಮ್ ಸೇರಿದರೂ ಎರಡೂ ಕಡೆ ಒಂದೂ ಟಚ್‌ಡೌನ್ ಇಲ್ಲ. ಕ್ರಿಸ್‌ಮಸ್ ದಿನ ರ‍್ಯಾಮ್ಸ್ 51-14ರಿಂದ ಜಜ್ಜಿತು, ಮರುದಿನ ಹ್ಯಾಕೆಟ್ ಕೆಲಸ ಹೋಯಿತು. 5-12. ಇಡೀ ಲೀಗಿನಲ್ಲಿ ಅತಿ ಕಡಿಮೆ ಪಾಯಿಂಟ್ ಗಳಿಸಿದ ತಂಡ.

ಸಿಯಾಟಲ್ ಕಡೆ ಕ್ರಾಸ್ ಮತ್ತು ಲ್ಯೂಕಸ್, ಕಾಲೇಜಿನಿಂದ ಆಗಷ್ಟೇ ಬಂದ ಇಬ್ಬರು ಹುಡುಗರು, ಮೊದಲ ಪಂದ್ಯದಿಂದಲೇ ಎರಡು ಬದಿ ಹಿಡಿದು ನಿಂತರು. ಜೀನೋ 46 ಸಲ ಸ್ಯಾಕ್ ಆದ, ಅಂದರೆ ಎಸೆಯುವ ಮೊದಲೇ ನೆಲಕ್ಕೆ ಬಿದ್ದ, ಹುಡುಗರು ಗೋಡೆಯೇನೂ ಕಟ್ಟಲಿಲ್ಲ. ಆದರೆ ವಿಲ್ಸನ್ ಎರಡು ಪಂದ್ಯ ಕಡಿಮೆ ಆಡಿ 55 ಸಲ ನೆಲ ಕಚ್ಚಿದ್ದ. ವಿಲ್ಸನ್‌ಗೆ ಚೆಂಡು ಹಿಡಿದುಕೊಂಡೇ ಅತ್ತಿತ್ತ ಓಡಿ ಪವಾಡ ಹುಡುಕುವ ಅಭ್ಯಾಸ. ಜೀನೋ ಕಂಡದ್ದನ್ನು ಕಂಡ ಕೂಡಲೇ ಎಸೆಯುವವನು. ಎಸೆದದ್ದನ್ನು ಹಿಡಿಯುವ ಡಿಕೆ ಮೆಟ್‌ಕಾಫ್, ಟೈಲರ್ ಲಾಕೆಟ್ ಹೇಗೂ ಉಳಿದಿದ್ದರು, ಅವರ ಕೈಗೆ ಚೆಂಡು ಸಮಯಕ್ಕೆ ಬರತೊಡಗಿತು. 4,282 ಯಾರ್ಡ್, 30 ಟಚ್‌ಡೌನ್, 11 ಇಂಟರ್‌ಸೆಪ್ಷನ್, ಶೇಕಡಾ 69.8 ನಿಖರತೆ, ಅದು ಲೀಗಿಗೇ ಮೊದಲನೆಯದು. ವಿಲ್ಸನ್ ಅತ್ತ 16 ಟಚ್‌ಡೌನ್. ಐದನೇ ಸುತ್ತಿನಲ್ಲಿ ಬಂದ ತಾರಿಕ್ ವೂಲೆನ್ ಆರು ಇಂಟರ್‌ಸೆಪ್ಷನ್ ಹಿಡಿದ, ವಾಕರ್ ಸಾವಿರ ಯಾರ್ಡ್ ದಾಟಿ ಓಡಿದ. ಈ ಇಬ್ಬರೂ ವಿಲ್ಸನ್ ಬದಲಿಗೆ ಬಂದವರಲ್ಲ, ನಮ್ಮದೇ ಸರದಿಗಳಲ್ಲಿ ಸಿಕ್ಕವರು. ಟ್ರೇಡ್‌ನ ಲಾಭ ಅಂತ ಇವರನ್ನೂ ಸೇರಿಸಿ ಹೇಳುವವರನ್ನು ನಂಬಬೇಡಿ.

ಹಾಗಂತ ಆ ಸೀಸನ್ನನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಒಂದು ಹಂತದಲ್ಲಿ 6-3 ಇದ್ದದ್ದು ಕೊನೆಗೆ 9-8. ಎದುರಾಳಿ ಓಡುವುದನ್ನು ತಡೆಯುವುದೇ ನಮ್ಮವರಿಗೆ ಆಗುತ್ತಿರಲಿಲ್ಲ. ಕೊನೆಯ ದಿನ ರ‍್ಯಾಮ್ಸ್ ವಿರುದ್ಧ ಓವರ್‌ಟೈಮ್‌ನಲ್ಲಿ 19-16 ಗೆದ್ದರೂ ಸಾಲಲಿಲ್ಲ. ರಾತ್ರಿ ಗ್ರೀನ್ ಬೇ ಮೈದಾನದಲ್ಲಿ ಡೆಟ್ರಾಯಿಟ್ ಲಯನ್ಸ್ ಗೆಲ್ಲಬೇಕಿತ್ತು. ನಾವು ಗೆದ್ದ ಕ್ಷಣದಲ್ಲೇ ಲಯನ್ಸ್ ಅವಕಾಶ ಮುಗಿದುಹೋಗಿತ್ತು. ಆದರೂ ಆಡಿ 20-16ರಿಂದ ಪ್ಯಾಕರ್ಸನ್ನು ಸೋಲಿಸಿ ನಮ್ಮನ್ನು ಒಳಗೆ ತಳ್ಳಿದರು. ಮುಂದಿನ ವಾರ ಸ್ಯಾನ್ ಫ್ರಾನ್ಸಿಸ್ಕೋ 41-23ರಿಂದ ಮನೆಗೆ ಕಳಿಸಿತು. ಪ್ಲೇಆಫ್ ಮುಟ್ಟಿದ್ದರಲ್ಲಿ ಅದೃಷ್ಟದ ಪಾಲು ದೊಡ್ಡದು. ಐದೂವರೆ ಅಂದವರು ಮೂರ್ಖರೇನಲ್ಲ, ಅವರ ಮುಂದಿದ್ದ ಮಾಹಿತಿಗೆ ಅದು ನ್ಯಾಯವಾದ ಅಂದಾಜೇ. ಬೆಂಚಿನ ಮೇಲೆ ವರ್ಷಗಟ್ಟಲೆ ಕೂತವನು ಎಷ್ಟು ಬೆಳೆದಿದ್ದಾನೆ ಅನ್ನುವುದು ದಿನಾ ಅಭ್ಯಾಸ ನೋಡುವ ಕೋಚ್‌ಗೆ ಮಾತ್ರ ಗೊತ್ತಿರಲು ಸಾಧ್ಯ.

ಉಳಿದ ಬಾಕಿ ಆಮೇಲೆ ತೀರಿತು. ಡೆನ್ವರ್ ಸೋಲುಗಳಿಂದ ಸಿಕ್ಕಿದ 5ನೇ ಸರದಿಯಲ್ಲಿ ಡೆವನ್ ವಿದರ್‌ಸ್ಪೂನ್ ಬಂದ, ಎರಡನೇ ಸುತ್ತಿನದರಲ್ಲಿ ಡೆರಿಕ್ ಹಾಲ್. ಅತ್ತ ಡೆನ್ವರ್, ವಿಲ್ಸನ್ ಒಂದು ಪಂದ್ಯ ಆಡುವ ಮೊದಲೇ ಹೊಸ ಐದು ವರ್ಷದ ಕರಾರು ಬರೆದುಕೊಟ್ಟಿತ್ತು. 2024ರ ಮಾರ್ಚ್‌ನಲ್ಲಿ ಅವನನ್ನು ಬಿಟ್ಟಾಗ 8.5 ಕೋಟಿ ಡಾಲರ್ ಭಾರ ಅವರ ತಲೆ ಮೇಲೆ ಬಿತ್ತು. ಟ್ರೇಡ್‌ಗಿಂತ ದೊಡ್ಡ ಎಡವಟ್ಟು ಆ ಕರಾರು ಅನ್ನುವುದು ನನ್ನ ಅಭಿಪ್ರಾಯ.

ಆಫೀಸಿನಲ್ಲಿ ಈ ವಿಷಯ ತೆಗೆಯುವುದಾದರೆ ಒಂದು ಕಿವಿಮಾತು. ಮೊದಲ ರಾತ್ರಿ ಹುಯ್ಲಿಟ್ಟರು ಅಂತ ನೀವೂ ವಿಲ್ಸನ್‌ನನ್ನು ಆಡಿಕೊಳ್ಳಲು ಹೋಗಬೇಡಿ. ಇಲ್ಲಿದ್ದಷ್ಟು ಕಾಲ ಸಿಯಾಟಲ್ ಚಿಲ್ಡ್ರನ್ಸ್ ಆಸ್ಪತ್ರೆಗೆ ಮಂಗಳವಾರಗಳಂದು ತಪ್ಪದೆ ಹೋಗಿ ಮಕ್ಕಳ ಜೊತೆ ಕೂರುತ್ತಿದ್ದವನು ಅವನು. ಇಲ್ಲಿನವರು ತಾವು ಬಯ್ಯುತ್ತಾರೆ, ಹೊರಗಿನವರು ಬಯ್ದರೆ ಸಹಿಸುವುದಿಲ್ಲ. ಜೀನೋ ಬಗ್ಗೆ ಕೇಳಿ, ಊಟದ ಹೊತ್ತು ಮುಗಿದರೂ ಮಾತು ಮುಗಿಯುವುದಿಲ್ಲ.